ಮೂರು ಕಲ್ಲಿನ ಗುಡಿ ಮುಂದೆ ಹಿಡಿದ ಪರದೆ

ಡ್ರೈಯರಿನಿಂದ ತೆಗೆದ ಬೆಡ್‌ಶೀಟನ್ನು ನಾನೂ ಮಗಳೂ ಎದುರುಬದುರು ನಿಂತು ಮಡಿಸುವಾಗ, ಅದನ್ನು ಎತ್ತಿ ಹಿಡಿದ ಕ್ಷಣದಲ್ಲಿ ಈಗಲೂ ನನ್ನ ಕೈ ನಿಂತುಬಿಡುತ್ತದೆ. ಶೀಟಿನ ಆಚೆ ಇಣುಕುತ್ತೇನೆ. ಅಲ್ಲಿರುವುದು ಸೋಫಾ. ಮಗಳು ನಗುತ್ತಾಳೆ. ನಾನೂ ನಗುತ್ತೇನೆ, ಸ್ವಲ್ಪ ತಡವಾಗಿ.

ಅದೇ ನೀಲಿ ಬೆಡ್‌ಶೀಟನ್ನು ಹೋದ ಅಕ್ಟೋಬರಿನಲ್ಲಿ, ಕಾಡಿನಲ್ಲಿ ಹಾಸಿಕೊಂಡು ಊಟ ಮಾಡೋಣವೆಂದು ಒಯ್ದಿದ್ದೆವು.

ನನ್ನ ಅತ್ತೆ ಗಂಗಾವತಿಯವರು, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಹಿರೇಬೆಣಕಲ್ಲಿನ ಗುಡ್ಡ ಹತ್ತಿ ಮೋರ್ಯರ ಮನೆಗಳನ್ನು ತೋರಿಸುತ್ತಿದ್ದರಂತೆ. ಬರಹ ಹುಟ್ಟುವ ಮೊದಲಿನ ಜನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಕಲ್ಲಿನ ಗೂಡುಗಳು ಅವು. ನ್ಯೂಜೆರ್ಸಿಯ ಬ್ರಿಡ್ಜ್‌ವಾಟರಿನ ನಮ್ಮ ಮನೆಗೆ ಅವರು ಬಂದು ಮೂರು ವಾರವಾಗಿತ್ತು. ದೇವಸ್ಥಾನ, ಮಾಲು, ಸೇಬಿನ ತೋಟ ಎಲ್ಲ ಮುಗಿದಿದ್ದವು. ಒಂದು ಸಂಜೆ ಕೇಳಿದರು: "ಈ ದೇಶದಾಗ ಹಳೇದು ಅನ್ನೋದು ಏನೂ ಇಲ್ಲೇನು? ನೋಡಿದ್ದೆಲ್ಲಾ ನಿನ್ನೆ ಬಣ್ಣ ಹಚ್ಚಿದಂಗ ಐತಿ."

ಹನ್ನೆರಡು ವರ್ಷದ ಮಗಳು ಫೋನಿನಲ್ಲಿ ಹುಡುಕಿ ಒಂದು ಚಿತ್ರ ತೋರಿಸಿದಳು. ಉತ್ತರ ಜೆರ್ಸಿಯ ಒಂದು ಗುಡ್ಡದ ಮೇಲೆ, ನಮ್ಮ ವ್ಯಾನಿಗಿಂತ ದೊಡ್ಡ ಬಂಡೆಯೊಂದು ಮೂರು ಚಿಕ್ಕ ಕಲ್ಲುಗಳ ಮೇಲೆ ಕೂತಿತ್ತು. ಕೆಳಗೆ ಬೆಳಕು ಹಾಯುತ್ತಿತ್ತು. ಅದು ಹಿಂದಿನವರ ಗುಡಿ, ಬೇಸಗೆಯ ದೀರ್ಘ ದಿನದ ಸೂರ್ಯ ಪಕ್ಕದ ಕಲ್ಲುಗಳ ನಡುವೆ ಮುಳುಗುತ್ತಾನೆ ಎಂದು ಕೆಲವರು. ಹಿಮನದಿ ಕರಗುವಾಗ ಬಿಟ್ಟುಹೋದದ್ದು, ಅಷ್ಟೇ ಎಂದು ಮತ್ತೆ ಕೆಲವರು.

"ಇಟ್ಸ್ ಜಸ್ಟ್ ಎ ಗ್ಲೇಸಿಯರ್ ಥಿಂಗ್, ಅಜ್ಜಿ."

"ಯಾರರ ಇಟ್ಟಿರಲಿ ಕೂಸ. ಮೂರು ಕಲ್ಲಿನ ಮ್ಯಾಲೆ ಗಡಿಗಿ ಇಟ್ಟಂಗ ಐತಿ. ಹಿರೇರ ಒಲಿ ಅದು. ಹೋಗೂಣು."

ಕೆಲಸದ ಮೇಲೆ ಡಲ್ಲಾಸಿಗೆ ಹೋಗಿದ್ದ ಗಂಡ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಮ್ಮನ ಮಂಡಿ ಜೋಪಾನ." ಎರಡು ವರ್ಷದ ಹಿಂದೆ ಅವರ ಎರಡೂ ಮಂಡಿ ಬದಲಿಸಿದ್ದರು. ಕೋಲು ಹಿಡಿದರೆ ಗುಡ್ಡವನ್ನೂ ಹತ್ತುತ್ತಾರೆ. ಆದರೆ ತಗ್ಗಿನಲ್ಲಿ ಒಮ್ಮೆ ಕೂತರೆ, ಇಬ್ಬರು ಎರಡು ಕಡೆ ಹಿಡಿದು ಎಬ್ಬಿಸಬೇಕು.

ಔಷಧ ಕಂಪನಿಯೊಂದರಲ್ಲಿ ಎಲ್ಲಿ ಏನು ತಪ್ಪಾಗಬಹುದೆಂದು ಮೊದಲೇ ಪಟ್ಟಿ ಮಾಡುವುದು ನನ್ನ ಕೆಲಸ. ಅವತ್ತೂ ಪಟ್ಟಿ ಮಾಡಿದ್ದೆ: ಮಂಡಿ, ನೀರು, ಉಣ್ಣೆಹುಳಕ್ಕೆ ಸ್ಪ್ರೇ, ಒದ್ದೆ ಎಲೆಯ ಜಾರಿಕೆ. ಪಾರ್ಕಿಂಗ್ ಲಾಟಿನ ಬೋರ್ಡಿನಲ್ಲಿ ಕರಡಿಯ ಚಿತ್ರವಿತ್ತು. ಮಗಳು ಅದನ್ನು ಪೂರ್ತಿ ಓದಿದಳು. ಇಂಥ ಬೋರ್ಡು ಎಲ್ಲ ಕಡೆ ಇರುತ್ತದೆ ಎಂದುಕೊಂಡು ನಾನು ಶೂಲೇಸು ಕಟ್ಟಿಕೊಂಡೆ.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಹತ್ತಲು ಶುರುಮಾಡಿದೆವು. ಕಾಡು ಹಳದಿ, ಕೆಂಪು. ಅತ್ತೆ ನಮಗಿಂತ ಮುಂದೆ. ನಾನು ಏದುಸಿರು ಬಿಡುವಾಗ ತಿರುಗಿ ನೋಡಿ, "ದಿನಾ ಕಂಪ್ಯೂಟರ್ ಮುಂದ ಕುಂತರ ಹಿಂಗ. ನಿನಗ ಒಂದು ಕೋಲು ಕೊಡಸಬೇಕು," ಎಂದರು.

ಬಂಡೆಯ ಮುಂದೆ ನಿಂತು ಅವರು ಅದನ್ನು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ಬೆಣಚುಕಲ್ಲೊಂದನ್ನು ಹೆಕ್ಕಿ ಬಂಡೆಗೆ ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಹಿರೇಬೆಣಕಲ್ಲಿನಲ್ಲಿ ನಗಾರಿಯಂಥ ಒಂದು ಗುಂಡುಕಲ್ಲಿದೆಯಂತೆ. ಬಡಿದರೆ ಗುಡ್ಡವೆಲ್ಲ ಕೇಳುತ್ತದೆ. ಹಿಂದಿನವರು ಅಪಾಯ ಬಂದಾಗ ಅದನ್ನು ಬಡಿಯುತ್ತಿದ್ದಿರಬೇಕು ಎಂದು ಅತ್ತೆ ತಮ್ಮ ಶಾಲೆಮಕ್ಕಳಿಗೆ ಹೇಳುತ್ತಿದ್ದರು.

"ಇದು ಮಾತಾಡಂಗಿಲ್ಲ," ಎಂದು ಕಲ್ಲು ಕೆಳಗಿಟ್ಟರು.

ನಾನು ಬೆಡ್‌ಶೀಟು ಹಾಸಲು ಹೊರಟೆ. ತಡೆದರು. "ಹಿರೇರ ಮನಿಗೆ ಬಂದು ಮೊದಲ ನಾವು ಉಣ್ಣೂದೇನು?" ಚೀಲದಿಂದ ದೊಡ್ಡ ಸ್ಟೀಲ್ ಡಬ್ಬಿ ತೆಗೆದು, ಬೆಲ್ಲ ತುಪ್ಪ ಹಾಕಿದ ಗೋಧಿ ಹುಗ್ಗಿಯನ್ನು ಒಂದು ಬಟ್ಟಲಿಗೆ ಬಡಿಸಿದರು. ಎರಡು ಬಾಳೆಹಣ್ಣು ಜೊತೆಗಿಟ್ಟರು. ಮಗಳು ಅದನ್ನೆಲ್ಲ ಬಂಡೆಯ ಅಡಿಗೆ, ಮೂರು ಕಲ್ಲುಗಳ ನಡುವೆ ಇಟ್ಟುಬಂದಳು. ಏಳೆಂಟು ಹೆಜ್ಜೆ ಈಚೆ ಒಂದು ತಗ್ಗು ಹಾಸುಗಲ್ಲಿನ ಮೇಲೆ ಅತ್ತೆಯನ್ನು ನಾವಿಬ್ಬರೂ ಹಿಡಿದು ಕೂರಿಸಿದೆವು.

"ಈಗ ಪರದಿ ಹಿಡೀರಿ. ದೇವರು ಉಣ್ಣೂದು ನೋಡಬಾರದು."

ನೈವೇದ್ಯಕ್ಕೆ ಪರದೆ ಎಳೆಯುವುದು ಮಗಳಿಗೆ ದೇವಸ್ಥಾನದಲ್ಲಿ ನೋಡಿ ಗೊತ್ತು. ನಾನೊಂದು ತುದಿ, ಅವಳೊಂದು ತುದಿ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ನಾನೂ ಕಣ್ಣು ಮುಚ್ಚಿದೆ.

ಕಲ್ಲಿನ ಮೇಲೆ ಬಟ್ಟಲು ಸರಿದ ಸದ್ದಾಯಿತು. ಅಳಿಲು ಇರಬೇಕು ಎಂದುಕೊಂಡೆ. ಮತ್ತೆ ಸರಿಯಿತು. ಅಳಿಲಿಗೆ ಅಷ್ಟು ಉಸಿರಿರುವುದಿಲ್ಲ.

"ಅಮ್ಮಾ," ಮಗಳು ತುಂಬ ಮೆಲ್ಲಗೆ ಹೇಳಿದಳು, "ಡೋಂಟ್ ಡ್ರಾಪ್ ಇಟ್. ಡೋಂಟ್ ರನ್."

ಶೀಟಿನ ಅಂಚಿನ ಮೇಲಿಂದ ನೋಡಿದೆ. ಬಂಡೆಯ ಹಿಂದಿನಿಂದ ಬಂದ ಕರಿಯ ಕರಡಿ, ಬಟ್ಟಲಿನೊಳಗೆ ಮೂತಿ ಇಟ್ಟಿತ್ತು. ಕರಡಿಗೂ ಅತ್ತೆಗೂ ನಡುವೆ ಏಳೆಂಟು ಹೆಜ್ಜೆ ಮತ್ತು ಒಂದು ಹತ್ತಿಬಟ್ಟೆ. ಅವರನ್ನು ಎಬ್ಬಿಸಬೇಕಾದರೆ ನಾವಿಬ್ಬರೂ ಶೀಟು ಬಿಡಬೇಕು. ಬಿಟ್ಟರೆ ಕೂತಿರುವ ಅವರು ಕರಡಿಗೆ ಕಾಣುತ್ತಾರೆ. ಈ ಲೆಕ್ಕವನ್ನು ನಾನು ಇಂದಿಗೂ ಮಾಡುತ್ತಿರುತ್ತೇನೆ, ಮೀಟಿಂಗಿನ ನಡುವೆ, ಕೆಂಪು ದೀಪದಲ್ಲಿ ಕಾರು ನಿಂತಾಗ. ಉತ್ತರ ಬದಲಾಗುವುದಿಲ್ಲ.

ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಉಣ್ಣಾಕ ಹತ್ತ್ಯಾರೇನು?"

"ಎಸ್, ಅಜ್ಜಿ," ಎಂದಳು ಮಗಳು.

"ಬಾಳ ಹಸದಾರ. ಸಪ್ಪಳ ಕೇಳಸ್ತದ."

ನಾನು ಪಿಸುಗುಟ್ಟಿದೆ: "ಅತ್ತೆ, ಕಣ್ಣು ಬಿಡಿ. ಏಳೋಕೆ ಹೋಗ್ಬೇಡಿ. ಪರದೆ ಆಚೆ ಕರಡಿ ಇದೆ."

ಅವರು ಕಣ್ಣು ಬಿಟ್ಟರು. ನನ್ನ ಮುಖ ನೋಡಿದರು, ತಮ್ಮ ಮಂಡಿ ನೋಡಿಕೊಂಡರು. "ಹಂಗಾರ ಪರದಿ ಇಳಸಬ್ಯಾಡ," ಎಂದರು.

"ಮೇಕ್ ಇಟ್ ಬಿಗ್, ಅಮ್ಮಾ. ಆ್ಯಂಡ್ ನಾಯ್ಸ್. ಬೋರ್ಡಲ್ಲಿ ಇತ್ತು," ಎಂದು ಮಗಳು ತನ್ನ ತುದಿಯನ್ನು ತಲೆಯ ಮೇಲೆತ್ತಿದಳು. ನಾನೂ ಎತ್ತಿದೆ. ಗಾಳಿಗೆ ಶೀಟು ಉಬ್ಬಿತು. ನಾಯ್ಸ್ ಎಂದದ್ದು ಅತ್ತೆಗೆ ತಿಳಿಯಿತು. ಡಬ್ಬಿಯ ಮುಚ್ಚಳ ಎಡಗೈಯಲ್ಲಿ, ಹುಗ್ಗಿಯ ಸೌಟು ಬಲಗೈಯಲ್ಲಿ. ಕೂತಲ್ಲೇ ಬಡಿಯತೊಡಗಿದರು, ಇಡೀ ಗುಡ್ಡ ಕೇಳುವ ಹಾಗೆ. ಅದರ ಮೇಲೆ ಮೇಷ್ಟ್ರ ದನಿ: "ಉಂಡದ್ದು ಸಾಕು. ನಡೀ ಮನೀಗೆ. ನಡೀ ಅಂದೆ."

ಕರಡಿ ತಲೆ ಎತ್ತಿತು. ಮೂಗಿನ ಮೇಲೆ ಹುಗ್ಗಿ ಅಂಟಿತ್ತು. ಅದು ನಮ್ಮನ್ನು ಎಷ್ಟು ಹೊತ್ತು ನೋಡಿತೋ ಹೇಳಲಾರೆ. ಮಗಳು ಐದು ಸೆಕೆಂಡು ಎನ್ನುತ್ತಾಳೆ. ಆಮೇಲೆ ಒಂದು ಬಾಳೆಹಣ್ಣು ಕಚ್ಚಿಕೊಂಡು, ಬೈಸಿಕೊಂಡ ಹುಡುಗನ ಹಾಗೆ ಮರಗಳ ನಡುವೆ ಹೊರಟುಹೋಯಿತು.

ಶೀಟು ಇಳಿಸಿದ್ದು ಮಗಳು. ನನ್ನ ಬೆರಳು ಬಿಚ್ಚಲಿಲ್ಲ. ಕಾಲೂ ನಿಲ್ಲಲಿಲ್ಲ. ಶೀಟಿನ ತುದಿ ಹಿಡಿದುಕೊಂಡೇ ನೆಲಕ್ಕೆ ಕೂತೆ. ಮಗಳ ಹೆಗಲಿಗೆ ಒಂದು ಕೈ, ಕೋಲಿಗೆ ಒಂದು ಕೈ ಊರಿ ಅತ್ತೆ ಮೊದಲು ಎದ್ದರು. ನಂತರ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಇಳಿಯುವಾಗ ದಾರಿಯುದ್ದಕ್ಕೂ ಮುಚ್ಚಳ ಬಡಿದುಕೊಂಡೇ ಬಂದೆವು. ಎದುರು ಬಂದ ಒಂದು ಜೋಡಿ ಇದನ್ನೊಂದು ಹಬ್ಬವೆಂದುಕೊಂಡು ನಗುತ್ತ ಕೈಬೀಸಿತು. ನಿಲ್ಲಿಸಿ ವಿಷಯ ಹೇಳಿದೆ. ಅವರೂ ನಮ್ಮ ಜೊತೆ ಇಳಿದರು. ಕಾರಿನಿಂದ ಪಾರ್ಕಿನವರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಕರಡಿಗೆ ತಿನ್ನಲು ಕೊಡುವುದು ಈ ರಾಜ್ಯದಲ್ಲಿ ಅಪರಾಧ ಎಂದು ಫೋನೆತ್ತಿದಾಕೆ ಚೆನ್ನಾಗಿಯೇ ಬೈದಳು. ಕೊಟ್ಟದ್ದು ಕರಡಿಗಲ್ಲ ಎಂದು ವಿವರಿಸುವ ಧೈರ್ಯ ನನಗಾಗಲಿಲ್ಲ.

ಬಾಗಿಲುಗಳನ್ನು ಲಾಕ್ ಮಾಡಿಕೊಂಡು ಅರ್ಧ ಗಂಟೆ ಅಲ್ಲೇ ಕೂತಿದ್ದೆವು. ಅತ್ತೆ ಡಬ್ಬಿ ತೆಗೆದರು. "ತಗೋರಿ. ಈಗ ಇದು ಪ್ರಸಾದ." ಮಗಳು ಎರಡು ಸಲ ಹಾಕಿಸಿಕೊಂಡಳು. ನನ್ನ ಚಮಚ ಡಬ್ಬಿಗೆ ತಾಗಿ ಟಣಟಣ ಎನ್ನುತ್ತಿತ್ತು. ಅದನ್ನು ಕೇಳಿ ಅತ್ತೆ ನಕ್ಕರು, ಆಮೇಲೆ ಮೂವರೂ ನಕ್ಕೆವು.

ಆಗ ಗಂಡನ ಫೋನು ಬಂತು. ಸ್ಪೀಕರಿನಲ್ಲಿ ಅವರ ಮೊದಲ ಪ್ರಶ್ನೆ: "ಅಮ್ಮನ ಮಂಡಿ ಹೆಂಗೈತಿ?"

"ನನ್ನವು ಚಲೋ ಅದಾವು," ಎಂದರು ಅತ್ತೆ. "ನಿನ್ನ ಹೆಂಡ್ತಿ ಮಂಡಿ ನಡಗಾಕ ಹತ್ತ್ಯಾವು. ಗಾಡಿ ನಿಧಾನಕ ಬರ್ತದ, ನೀ ಗಾಬರಿ ಆಗಬ್ಯಾಡ."