ವರುಣದೇವನಿಗೆ ಸಿಕ್ಕ ಧನ್ಯವಾದ

ವರುಣದೇವನಿಗೆ ಧನ್ಯವಾದ ಹೇಳಿದರು, ಬೀರಪ್ಪನಿಗೆ ಹೇಳಲಿಲ್ಲ. ಹನ್ನೊಂದು ವರ್ಷವಾಯಿತು. ಈಗಲೂ ಆ ಮಾತು ಎತ್ತಿದರೆ ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಡುತ್ತಾನೆ. ಇಡುವುದೇ ಒಳ್ಳೆಯದು.

ಕುಮಟೆಯಲ್ಲಿ ಮೀನುಪೇಟೆಗೆ ಇಳಿಯುವ ರಸ್ತೆಯ ತಿರುವಿನಲ್ಲಿ ಬೀರಪ್ಪನ ವೆಲ್ಡಿಂಗ್ ಶಾಪು. ಓದಿದ್ದು ಐದನೇ ಇಯತ್ತೆ. ಅವನು ಮಾಡಿದ ಗೇಟು ಜೋತು ಬಿದ್ದದ್ದನ್ನು ಯಾರೂ ಕಂಡಿಲ್ಲ, ಅವನು ಸಮಾಧಾನದಿಂದ ಮಾತಾಡಿದ್ದನ್ನೂ ಯಾರೂ ಕಂಡಿಲ್ಲ. ಊರಿನಲ್ಲಿ ನೆರಳು ಸೇವಾ ಕ್ಲಬ್ಬು ಎಂದು ಒಂದಿದೆ. ತೋಟದವರು, ಡಾಕ್ಟರು, ಮಾಸ್ತರು, ಜವಳಿ ಅಂಗಡಿಯವರು ಕೂಡಿ ಕಟ್ಟಿದ್ದು. ಆ ವರ್ಷ ಕ್ಲಬ್ಬಿನವರು ಕಾಗಾಲದ ಒಂದು ಶಾಲೆಗೆ ಕುಡಿಯುವ ನೀರಿನ ಟಾಕಿ ಕೊಟ್ಟರು. ಟಾಕಿಯನ್ನು ಆಕಾಶದಲ್ಲಿ ಕೂರಿಸಲಾಗುವುದಿಲ್ಲವಲ್ಲ, ಕಬ್ಬಿಣದ ಸ್ಟ್ಯಾಂಡು ಬೇಕು. ಕ್ಲಬ್ಬಿನ ಕಾರ್ಯದರ್ಶಿ ಹರಿಹರ ಹೆಗಡೆಯವರು ಶಾಪಿಗೆ ಬಂದು, "ಸೇವೆ ಅಂತ ಮಾಡ್ಕೊಡು ಮಾರಾಯ" ಅಂದರು. ಬೀರಪ್ಪ ಮೂರು ದಿನ ಶಾಪಿಗೆ ಬೀಗ ಹಾಕಿ, ಮೇ ತಿಂಗಳ ಬಿಸಿಲಲ್ಲಿ ಕಾಗಾಲದ ಶಾಲೆಯ ಅಂಗಳದಲ್ಲಿ ನಿಂತು ಸ್ಟ್ಯಾಂಡು ಎಬ್ಬಿಸಿದ.

ಉದ್ಘಾಟನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿ ನೇತ್ರಾಳನ್ನು ಕರೆದುಕೊಂಡು ಎರಡನೇ ಸಾಲಿನಲ್ಲಿ ಕೂತ. ನಲ್ಲಿ ತಿರುಗಿಸಿದವರ ಭಾಷಣವಾಯಿತು. ನಲ್ಲಿ ತಿರುಗಿಸಿದವರನ್ನು ಹೊಗಳಿದವರ ಭಾಷಣವಾಯಿತು. ಕೊನೆಗೆ ಕಾಲೇಜಿನಲ್ಲಿ ಪಾಠ ಹೇಳುವ ಸುಜಯ ವಂದನಾರ್ಪಣೆಗೆ ನಿಂತ. ಮೈಕಿನವರಿಗೆ ಧನ್ಯವಾದ, ಶಾಮಿಯಾನದವರಿಗೆ ಧನ್ಯವಾದ, ಊರ ನಾಗರಿಕರಿಗೆ ಧನ್ಯವಾದ. ಕಡೆಯಲ್ಲಿ, "ಮಳೆ ಸುರಿಸದೆ ಸಹಕರಿಸಿದ ವರುಣದೇವನಿಗೂ ಧನ್ಯವಾದಗಳು" ಎಂದು ಕೂತುಬಿಟ್ಟ. ಜನ ಚಪ್ಪಾಳೆ ಹೊಡೆದರು. ವರುಣದೇವ ಮೇ ತಿಂಗಳಲ್ಲಿ ಕೆಲಸವಿಲ್ಲದೆ ಸುಮ್ಮನಿದ್ದುದಕ್ಕೆ ಸನ್ಮಾನ. ಬೀರಪ್ಪ ಕೆಲಸ ಮಾಡಿದ್ದಕ್ಕೆ ಏನೂ ಇಲ್ಲ.

ನೇತ್ರಾ ಅವನ ಇಸ್ತ್ರಿ ಅಂಗಿಯನ್ನೊಮ್ಮೆ ನೋಡಿದಳು. ಅದೇ ಅವನಿಗೆ ಹೆಚ್ಚು ಉರಿದದ್ದು. ಚಹಾ ಕೊಡುವ ಹೊತ್ತಿಗೆ ಹರಿಹರ ಹೆಗಡೆಯವರನ್ನು ಅಡ್ಡಗಟ್ಟಿದ.

"ನಾ ಎಂತ ಕಂಡೋರ ಮನೆ ನೆಂಟನಾ, ಹೆಗಡೇರೆ?"

"ಹೆಸ್ರು ಚೀಟಿಲಿತ್ತು ಮಾರಾಯ. ಆ ಬದಿಗೆ ಬರ್ದಿದ್ದೆ. ಸುಜಯ ಚೀಟಿ ಮಗುಚ್ಲಿಲ್ಲ. ಆಗ್ಲೇ ಒಂದ್ ಮಾತು ನೆನಪ್ ಮಾಡೂದಲ್ವಾ ನೀನು?"

"ಕೇಳಿ ಹೇಳ್ಸ್ಕಳ್ಳುಕೆ ನಂಗೇನು ಬರಗೆಟ್ಟಿದ್ಯಾ?"

ಈ ಮಾತು ಟಾಕಿಯ ನೀರು ಕುಡಿಯುತ್ತಿದ್ದ ಮಕ್ಕಳಿಗೂ ಕೇಳಿತು. ಅಧ್ಯಕ್ಷರಾದ ಅನಂತಮೂರ್ತಿಯವರು ಕೊರಳಿನ ಪದಕದ ಸರ ಸರಿಮಾಡಿಕೊಳ್ಳುತ್ತ ಹೆಗಡೆಯವರ ಕಿವಿಯಲ್ಲಿ, "ಇವ ಹೊರಗಿದ್ರೆ ಕಷ್ಟ. ಒಳಗೇ ತಗಂಡ್ರೆ ಅಡ್ಡಿಲ್ಲೆ" ಅಂದರು. ಹೀಗೆ ಐದನೇ ಇಯತ್ತೆಯ ಬೀರಪ್ಪ ನೆರಳು ಸೇವಾ ಕ್ಲಬ್ಬಿನ ಸದಸ್ಯನಾದ.

ತಿಂಗಳ ಎರಡನೇ ಭಾನುವಾರ ಜವಳಿ ಅಂಗಡಿಯ ಮಹಡಿಯ ಮೇಲೆ ಸಭೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಮತ್ತೆ ಗಂಟೆ ಬಾರಿಸುತ್ತಾರೆ, ಕೂರುತ್ತಾರೆ. ಸಭೆಯಲ್ಲಿ ಯಾರ ಹೆಸರು ಹೇಳಿದರೂ ಅದಕ್ಕೆ ಮೊದಲು 'ಸೇವಾಮಿತ್ರ' ಎಂದು ಸೇರಿಸಬೇಕು. ಬಿಟ್ಟರೆ ಹತ್ತು ರೂಪಾಯಿ ದಂಡ. ಬೀರಪ್ಪ ನಿಯಮಕ್ಕೆ ತಪ್ಪುವವನಲ್ಲ. "ಸೇವಾಮಿತ್ರ ಸುಜಯ, ನಿಂಗೆ ತಲೆಲಿ ಎಂತಾದ್ರೂ ಉಂಟಾ?" ಎಂದು ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಹಾಗೇ ದಾಖಲಾಗಿದೆ. ದಂಡ ಬೀಳಲಿಲ್ಲ.

ಸದಸ್ಯನಾದ ಮೇಲೆ ಕೆಲಸ ಹೆಚ್ಚಿತು. ಕಾಸರಕೋಡದಲ್ಲಿ ಮೀನು ಒಣಗಿಸುವ ಹೆಂಗಸರಿಗೆ ಕೂರಲು ಬೆಂಚು, ಹೊನ್ನಾವರದ ಅಜ್ಜಿಯೊಬ್ಬರ ಗಾಲಿಕುರ್ಚಿ, ಬಸ್ಸು ನಿಲ್ಲುವಲ್ಲಿ ಬಿಸಿಲು ಮಳೆಗೆ ತಗಡಿನ ಮಾಡು, ಎಲ್ಲಕ್ಕೂ ಬೀರಪ್ಪನೇ. ವಂದನಾರ್ಪಣೆಯಲ್ಲಿ ಮಾತ್ರ ಅವನ ಹೆಸರು ಬರಲಿಲ್ಲ. ಕೇಳಿದರೆ ಅನಂತಮೂರ್ತಿಯವರು ನಗುತ್ತ, "ನೀನು ನಮ್ಮವನೇ ಅಲ್ವೋ. ನಮ್ಮವರಿಗೆ ನಾವೇ ಧನ್ಯವಾದ ಹೇಳ್ಕಂಡ್ರೆ ಜನ ನಗ್ತಾರೆ" ಅಂದರು. ಹೊರಗಿನವನಾಗಿದ್ದಾಗ ಮರೆತರು, ಒಳಗಿನವನಾದ ಮೇಲೆ ಮರೆಯುವುದೇ ಮರ್ಯಾದೆಯಾಯಿತು.

ಹೋದ ಡಿಸೆಂಬರಿನಲ್ಲಿ ಸಂತೆಗುಳಿಯಲ್ಲಿ ಕಣ್ಣು ತಪಾಸಣೆಯ ಶಿಬಿರ ಎಂದು ತೀರ್ಮಾನವಾದಾಗ ಬೀರಪ್ಪ ಎದ್ದು ನಿಂತ. "ಈ ಸಲ ವಂದನಾರ್ಪಣೆ ನಂಗೆ ಕೊಡಿ. ಒಬ್ಬರನ್ನೂ ಬಿಡದೇ ಹೇಳೂದು ಹ್ಯಾಂಗೆ ಅಂತ ತೋರಿಸ್ತೆ." ಯಾರೂ ಎದುರಾಡಲಿಲ್ಲ. ಅವನಿಗೆ ಬೇಡ ಎನ್ನುವುದಕ್ಕಿಂತ ಹೂಂ ಎನ್ನುವುದು ಸುಲಭವೆಂದು ಅಷ್ಟು ವರ್ಷದಲ್ಲಿ ಎಲ್ಲರೂ ಕಲಿತಿದ್ದರು.

ಶಿಬಿರದ ದಿನ ಅವನು ಯಾವ ಕೆಲಸಕ್ಕೂ ಕೈ ಹಚ್ಚಲಿಲ್ಲ. ಚೀಟಿ ಹಿಡಿದು, ಪಕ್ಕದಲ್ಲಿ ಬರೆಯಲು ನೇತ್ರಾಳನ್ನು ಕೂರಿಸಿಕೊಂಡು, ಅಡುಗೆ ಒಲೆಯ ಬಳಿ ಠಿಕಾಣಿ ಹೂಡಿದ. ಒಲೆಯ ಮುಂದೆ ಮಾದೇವಿ ಇದ್ದಳು. ಕ್ಲಬ್ಬು ಹುಟ್ಟಿದಾಗಿನಿಂದ ಸಭೆಗೂ ಶಿಬಿರಕ್ಕೂ ಚಹಾ, ಅವಲಕ್ಕಿ ಮಾಡುವವಳು ಅವಳೇ. ಬಂದವರು ಹೋದವರು ಎಲ್ಲರೂ ಅವಳ ಹತ್ತಿರ ಚಹಾಕ್ಕೆ ಬಂದೇ ಬರುತ್ತಾರೆ. ಹಾಗಾಗಿ ಯಾರು ಏನು ಮಾಡಿದರೆಂದು ಅವಳಿಗೆ ಗೊತ್ತಿದ್ದಷ್ಟು ಕಾರ್ಯದರ್ಶಿಗೂ ಗೊತ್ತಿಲ್ಲ.

"ಬಾಗಿಲಲ್ಲಿ ರಂಗೋಲಿ ಯಾರದ್ದು ಮಾದೇವಕ್ಕ?"

"ಶ್ರೀಗೌರಿದು. ಹೆಗಡೇರ ಮಗಳು."

"ಕೈ ತೊಳೂಕೆ ನೀರು ತಂದೋನು?"

"ಶುಕ್ರ. ಇಪ್ಪತ್ತು ಕೊಡ ಎತ್ತಿದ. ಕೊಡ ಕೊಟ್ಟಿದ್ದು ಗಂಗೆ, ಅವಳನ್ನೂ ಹಾಕು."

"ಬರ್ಕಳೇ ನೇತ್ರಾ. ಗಂಗೆ, ಕೊಡ."

"ದನ ಒಳಗೆ ಬರದ ಹಾಂಗೆ ಬೇಲಿ ಹತ್ರ ನಿಂತವ ಪ್ರಕಾಶ, ಬೀರಣ್ಣ. ಅವನ್ನ ಬಿಟ್ರೆ ಮತ್ತೆ ನಿನ್ನ ಹಾಂಗೇ ಹನ್ನೊಂದು ವರ್ಷ ಕೂಗ್ತಾ ಇರ್ತ."

ಮೂವರೂ ನಕ್ಕರು. ಚೀಟಿಯಲ್ಲಿ ಐವತ್ತೆಂಟು ಹೆಸರಾಯಿತು.

ಬೀರಪ್ಪ ಮೈಕು ಹಿಡಿದಾಗ ಗಂಟೆ ಒಂದೂವರೆ. ಭಟ್ಕಳದಿಂದ ಬಂದ ಕಣ್ಣಿನ ಡಾಕ್ಟರು ಕಾರು ಹತ್ತಿದ್ದರು. ಇಪ್ಪತ್ತನೇ ಹೆಸರಿಗೆ ಅಧ್ಯಕ್ಷರು ವೇದಿಕೆಯಿಂದ ಇಳಿದರು; ಮೂವತ್ತಕ್ಕೆ ಶಾಮಿಯಾನದವರು ಹಿಂದಿನ ಸಾಲಿನ ಕುರ್ಚಿ ಒಂದರ ಮೇಲೊಂದು ಪೇರಿಸತೊಡಗಿದರು. ಬೀರಪ್ಪ ನಿಲ್ಲಿಸಲಿಲ್ಲ. ಒಂದೊಂದು ಹೆಸರನ್ನೂ ವೆಲ್ಡಿಂಗ್ ಮಾಡಿದ ಹಾಗೆ ಗಟ್ಟಿಯಾಗಿ ಹೇಳಿದ. ದನ ಕಾಯ್ದ ಪ್ರಕಾಶನ ಹೆಸರೂ ಬಂತು, ಪ್ರಕಾಶ ಆಗ ಊಟಕ್ಕೆ ಹೋಗಿದ್ದ. ಕೊನೆಗೆ ಗಂಟಲು ಸರಿಮಾಡಿಕೊಂಡು, ಚೀಟಿಯಲ್ಲಿ ಇಲ್ಲದ ಒಂದನ್ನು ಹೇಳಿದ: "ಕಾಗಾಲದ ಶಾಲೆಯ ಟಾಕಿಗೆ ಸ್ಟ್ಯಾಂಡು ಮಾಡಿಕೊಟ್ಟ ಬೀರಪ್ಪನವರಿಗೂ ಧನ್ಯವಾದಗಳು." ಅಷ್ಟರಲ್ಲಿ ಮೈಕಿನವನು ವಾಯರು ಸುತ್ತಿಯಾಗಿತ್ತು. ಆ ಮಾತು ಬೀರಪ್ಪನ ಬಾಯಿಂದ ಬೀರಪ್ಪನ ಕಿವಿಯವರೆಗೆ ಹೋಯಿತು, ಅದರಾಚೆ ಹೋಗಲಿಲ್ಲ.

ಶಾಮಿಯಾನದಡಿ ಕೂತಿದ್ದವಳು ಒಬ್ಬಳೇ. ಮುಂದಿನ ಸಾಲಿನಲ್ಲಿ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಮಾದೇವಿ. ಅವಳು ಮೊದಲ ಹೆಸರಿನಿಂದ ಕೂತಿದ್ದಳು.

"ಮುಗೀತಾ ಬೀರಣ್ಣ?"

"ಮುಗೀತು. ಹ್ಯಾಂಗೆ, ಒಬ್ಬರೂ ಬಿಟ್ಟಿಲ್ಲ ಅಲ್ದಾ?"

"ಚೀಟಿ ಆ ಬದಿಗೆ ಎಂತದೂ ಇಲ್ವಾ?"

ಬೀರಪ್ಪ ಚೀಟಿ ಮಗುಚಿದ. ಖಾಲಿ. ಪಕ್ಕದಲ್ಲಿ ನಿಂತಿದ್ದ ನೇತ್ರಾಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನಿಗೆ ಏನು ಮಾಡಬೇಕೆಂದು ತಿಳಿಯದೆ, ತಿಳಿಯದಿದ್ದಾಗ ಯಾವಾಗಲೂ ಬರುವ ಸಿಟ್ಟೇ ಬಂತು.

"ಬೆಳಗಿಂದ ನಿನ್ನ ಒಲೆ ಪಕ್ಕದಲ್ಲೇ ಕೂತಿದ್ದೆ ಮಾದೇವಕ್ಕ. ಒಂದ್ ಮಾತು ನೆನಪ್ ಮಾಡುಕೆ ನಿಂಗೆ ಎಂತ ಆಗಿತ್ತು?"

"ಕೇಳಿ ಹೇಳ್ಸ್ಕಳ್ಳುಕೆ ನಂಗೂ ಬರಗೆಟ್ಟಿಲ್ಲ" ಎಂದು ಮಾದೇವಿ ಪಾತ್ರೆ ತೊಳೆಯಲು ಎದ್ದಳು. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಉತ್ತರ ಕೊಡಲು ಬರುತ್ತಿತ್ತು.

ಮುಂದಿನ ಸಭೆಯಲ್ಲಿ ಕ್ಲಬ್ಬು ಒಂದು ಠರಾವು ಪಾಸು ಮಾಡಿತು: ಇನ್ನು ಮೇಲೆ ವಂದನಾರ್ಪಣೆ ಮೂರೇ ನಿಮಿಷ, ಅದನ್ನು ಸೇವಾಮಿತ್ರ ಸುಜಯನೇ ಮಾಡತಕ್ಕದ್ದು. ಬೀರಪ್ಪ ಸುಜಯನ ಚೀಟಿಯಲ್ಲಿ ಮಾದೇವಿಯ ಹೆಸರು ಎರಡು ಸಲ ಬರೆಸಿದ. ಎರಡು ಸಲವೂ ಹೆಸರು ಬರುವ ಮುಂಚೆ ಮೂರು ನಿಮಿಷ ಮುಗಿದು ಗಂಟೆ ಬಿತ್ತು. ಇನ್ನೊಂದು ದಾರಿ ಹಿಡಿದು, ಅವಳ ಒಲೆಗೆ ದಪ್ಪ ಕಬ್ಬಿಣದ ಸಳಿಯ ಹೊಸ ಸ್ಟ್ಯಾಂಡು ಮಾಡಿ ಮನೆ ಬಾಗಿಲಿಗೆ ಒಯ್ದ.

ಮಾದೇವಿ ಅದನ್ನು ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ.

"ಲಾಯ್ಕಾಗಿದೆ. ಎಷ್ಟಾತು?"

"ಎಂತದೂ ಬೇಡ ಮಾದೇವಕ್ಕ. ಅದ್ಕೆ ಇದ್ಕೆ ಆತು ಅಂತ ತಿಳ್ಕ."

"ಅದು ಮೈಕಲ್ಲಿ ಹೇಳೂದು ಬೀರಣ್ಣ. ಇದು ಚಹಾ ಕಾಯಿಸೂದು" ಎಂದು ಅವನ ಜೇಬಿಗೆ ನೋಟು ತುರುಕಿ ಒಳಗೆ ಹೋದಳು.

ಈಗ ಎರಡನೇ ಭಾನುವಾರ ಮಹಡಿಯ ಮೂಲೆಯಲ್ಲಿ ಅದೇ ಸ್ಟ್ಯಾಂಡಿನ ಮೇಲೆ ಚಹಾ ಕುದಿಯುತ್ತದೆ. ಸುಜಯ ಚೀಟಿ ತೆಗೆದನೆಂದರೆ ಬೀರಪ್ಪ ಕುರ್ಚಿಯ ತುದಿಗೆ ಬಂದು ಕೂರುತ್ತಾನೆ. ಮೈಕಿನವರು, ಅಂಗಡಿಯವರು, ಮಳೆ ಬಂದಿದ್ದರೆ ತಂಪೆರೆದ ವರುಣದೇವ, ಬರದಿದ್ದರೆ ಸಹಕರಿಸಿದ ವರುಣದೇವ. ಗಂಟೆ ಬೀಳುತ್ತದೆ. ಮಾದೇವಿ ಅವನ ಮುಂದೆ ಚಹಾದ ಲೋಟ ಇಡುತ್ತಾಳೆ, ಎಲ್ಲರಿಗಿಂತ ಮೊದಲು, ತುಂಬಿಸಿ. ಅವನು ತಲೆ ಎತ್ತದೆ ಕುಡಿಯುತ್ತಾನೆ.