ಬೀಗದಕ್ಕನ ಕೆಂಪು ಸ್ಕೂಟರ್

ನಮ್ಮ ಬೀದಿಯಲ್ಲಿ ಬೀಗದಕ್ಕನನ್ನು ಅರಿಯದವರಿಲ್ಲ. ನನ್ನ ಜೆರಾಕ್ಸ್ ಅಂಗಡಿಯ ಎದುರಿಗೇ ಅವಳ ಅಂಗಡಿ. ಎಂಟಡಿ ಅಗಲ, ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಲಿಗಳು, ಒಳಮೂಲೆಯ ಕುರ್ಚಿಯಲ್ಲಿ ಅವಳ ಅತ್ತೆ. ಕಸುಬು ಮಾವನದು. ಮಗ ಒಂದೆಡೆ ಕೂರಲಾರದೆ ಬಸ್ಸು ಓಡಿಸಲು ಹೋದದ್ದರಿಂದ ಮಾವ ಕೀಲಿಯ ಹಲ್ಲು ಉಜ್ಜುವ ತಮ್ಮ ಅರವನ್ನು ಸೊಸೆಯ ಕೈಗಿತ್ತರು. ಇಪ್ಪತ್ತು ವರ್ಷದಲ್ಲಿ ಆ ಕೈ ಎಷ್ಟು ಪಳಗಿತೆಂದರೆ, ಅವಳು ಕೊರೆದ ಕೀಲಿ ಎಂದೂ ವಾಪಸು ಬಂದದ್ದಿಲ್ಲ.

ಆದರೆ ಅವಳಿಗೆ ಪ್ರಾಣವಾಗಿದ್ದ ಕೆಲಸ ಅಂಗಡಿಯದಲ್ಲ, ಹೊರಗಿನದು. "ಅಕ್ಕಾ, ಬಾಗಿಲು ಹಾಕ್ಕೊಂಡ್ಬಿಟ್ಟಿದೆ, ಒಲೆ ಮೇಲೆ ಹಾಲಿದೆ!" ಎಂದು ಫೋನು ಬಂದರೆ ಸಾಕು, ಕೆಂಪು ಸ್ಕೂಟರ್ ಹತ್ತಿ ಹಾರುತ್ತಿದ್ದಳು. ಹಾಲು ಉಕ್ಕುವ ಮೊದಲೇ ಬಾಗಿಲು ತೆಗೆಯಬೇಕೆನ್ನುವುದು ಅವಳ ಹಟ. ಆ ಸ್ಕೂಟರಿನ ಸೀಟಿನ ಬೀಗ ಒಮ್ಮೆ ಕೆಟ್ಟಾಗ ಹೊಸದನ್ನು ಕೊಳ್ಳಲಿಲ್ಲ. ಹಿತ್ತಾಳೆಯಲ್ಲಿ ತಾನೇ ಒಂದು ಮಾಡಿ ಕೂರಿಸಿದಳು. ಅದರ ಕೀಲಿ ಲೋಕಕ್ಕೆಲ್ಲ ಒಂದೇ, ಅವಳ ಸೊಂಟದ ಗೊಂಚಲಿನಲ್ಲಿ.

ಹೊಸ ಗಾಡಿ ಕೊಂಡವರಿಗೆಲ್ಲ ಅವಳ ಉಪದೇಶ ಪುಕ್ಕಟೆ. "ಹ್ಯಾಂಡಲ್ ಲಾಕ್ ಒಂದನ್ನೇ ನಂಬ್ಕೊಂಡು ಕೂರ್ಬೇಡಿ. ಚಕ್ರಕ್ಕೊಂದು ಬೀಗ ಹಾಕಿ. ಕಳ್ಳನ ಹತ್ರ ಇರೋದು ಎರಡೇ ನಿಮಿಷ. ನೀವು ಹತ್ತು ನಿಮಿಷದ ಕೆಲಸ ಕೊಟ್ರೆ ಅವನೇ ಕೈಮುಗಿದು ಹೋಗ್ತಾನೆ."

ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು. ಒಂದು ಸೋಮವಾರ ಬೆಳಗ್ಗೆ ಮೂರು ಬೀದಿ ಆಚೆಯ ಮನೆಯೊಂದರ ಮಹಡಿಯಲ್ಲಿ ಎರಡು ವರ್ಷದ ಮಗುವೊಂದು ಬಚ್ಚಲುಮನೆಯ ಚಿಲಕ ಹಾಕಿಕೊಂಡುಬಿಟ್ಟಿತು. ತಾಯಿ ಹೊರಗೆ ಅಳು, ಮಗು ಒಳಗೆ ಅಳು. ಬೀಗದಕ್ಕ ಸ್ಕೂಟರ್ ನಿಲ್ಲಿಸಿದವಳೇ ಚೀಲ ಕಿತ್ತುಕೊಂಡು ಮೆಟ್ಟಿಲು ಹತ್ತಿದಳು. ನಾಲ್ಕೇ ನಿಮಿಷದಲ್ಲಿ ಮಗು ತಾಯಿಯ ತೋಳಿನಲ್ಲಿತ್ತು. ನಗುನಗುತ್ತ ಕೆಳಗಿಳಿದು ನೋಡುತ್ತಾಳೆ, ಗಾಡಿ ಇಲ್ಲ! ಸೊಂಟದ ಗೊಂಚಲು ಸೊಂಟದಲ್ಲೇ ಇತ್ತು. ಆದರೆ ತಾನೇ ಕೊರೆದಿದ್ದ ಗಾಡಿಯ ಕೀಲಿಯನ್ನು ಆತುರದಲ್ಲಿ ಗಾಡಿಗೇ ಬಿಟ್ಟು ಹೋಗಿದ್ದಳು.

"ಬೀಗದವಳ ಗಾಡಿಯೇ ಹೋಯ್ತಂತೆ!" ಎಂದು ಬೀದಿಗೆ ಬೀದಿಯೇ ಹಲ್ಲು ಕಿರಿಯಿತು. ಅವಳು ಪೊಲೀಸರಿಗೆ ದೂರು ಕೊಟ್ಟಳು. ನಾನು ಸ್ಕೂಟರಿನ ಫೋಟೋ ಹಾಕಿ ಇನ್ನೂರು ಚೀಟಿ ಮುದ್ರಿಸಿಕೊಟ್ಟೆ. ಸಂಜೆ ಅವಳು ಒಂದು ಡಜನ್ ಚಕ್ರದ ಬೀಗ ತರಿಸಿ ಅಂಗಡಿಯ ಮುಂದೆ ನೇತುಹಾಕುವಾಗ ಅತ್ತೆ ಚುಚ್ಚದೆ ಬಿಡಲಿಲ್ಲ.

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕಿದ್ರಂತೆ! ನನ್ನ ಓದೋ ಕನ್ನಡಕ ಬೇರೆ ಸೀಟಿನ ಕೆಳಗಿತ್ತು."

ಅವಳು ಉಳಿದ ಬೀಗಗಳನ್ನೂ ನೇತುಹಾಕಿ ಮುಗಿಸಿದಳು. ಮೂರು ವಾರ ಕರೆ ಬಂದಲ್ಲಿಗೆಲ್ಲ ನಡೆದೇ ಹೋದಳು. ಅಷ್ಟೂ ಮನೆಗಳಲ್ಲಿ ಹಾಲು ಉಕ್ಕಿ ಸೀದುಹೋಗಿತ್ತು.

ನಾಲ್ಕನೆಯ ವಾರ, ಒಂದು ಮಧ್ಯಾಹ್ನ, ನೀಲಿ ಸ್ಕೂಟರೊಂದು ಅವಳ ಅಂಗಡಿಯ ಮುಂದೆ ನಿಂತಿತು. ಬಂದವಳು ಮನೆಮನೆಗೆ ಹೋಗಿ ರೋಗಿಗಳ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸು.

"ಹೋದ ವಾರ ತಗೊಂಡೆ ಅಕ್ಕ, ಸೆಕೆಂಡ್ ಹ್ಯಾಂಡು. ಪೆಟ್ರೋಲ್ ಮುಚ್ಚಳ ಹಿಂದೆ ಇದೆ, ಅದಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಸೀಟು ಮಾತ್ರ ಏಳ್ತಾನೇ ಇಲ್ಲ. ಒಂದು ಕೀಲಿ ಮಾಡ್ಕೊಡ್ತೀರಾ?" ಎಂದು ಗಾಡಿಯ ಕೀಲಿಯನ್ನು ಮುಂದಿಟ್ಟಳು.

ಬೀಗದಕ್ಕ ಕೀಲಿಯನ್ನು ಬೆಳಕಿಗೆ ಹಿಡಿದಳು. ಮೂರನೆಯ ಹಲ್ಲಿನ ಬುಡದಲ್ಲಿ ಅರದ ಎರಡು ಓರೆ ಗೆರೆ. ನಮಗೆ ನಮ್ಮ ಕೈಬರಹ ತಿಳಿಯುವುದಿಲ್ಲವೇ, ಹಾಗೆ ತಿಳಿಯಿತು ಅವಳಿಗೆ. ಎದ್ದು ಹೋಗಿ ಸೀಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ನೀಲಿ ಬಣ್ಣದ ಕೆಳಗೆ ಹಿತ್ತಾಳೆ ಮಿಣುಕುತ್ತಿತ್ತು. ಸೊಂಟದ ಗೊಂಚಲಿನಿಂದ ಆ ಒಂದು ಕೀಲಿ ತೆಗೆದು ತೂರಿಸಿ ತಿರುಗಿಸಿದಳು. ಟಕ್! ಸೀಟು ಎದ್ದು ನಿಂತಿತು.

"ಏ ಜೆರಾಕ್ಸು! ಬಾರೋ! ಬೇಗ ಬಾರೋ!" ಅವಳ ಕೂಗಿಗೆ ನಾನು ಯಂತ್ರವನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಸೀಟಿನ ಕೆಳಗೆ ಗಾಡಿಯ ಕಾಗದ, ಅವಳ ಹಳೇ ಕೈಗವಸು, ಅತ್ತೆಯ ಕನ್ನಡಕ! ಅತ್ತೆ ಕನ್ನಡಕ ಏರಿಸಿ ಮೊದಲು ನೋಡಿದ್ದು ನರ್ಸಿನ ಮುಖವನ್ನು. ಅದು ಬಿಳಿಚಿಕೊಂಡಿತ್ತು.

"ನಾನು ಕಳ್ಳಿ ಅಲ್ಲಕ್ಕ," ಎಂದು ಅವಳು ಅಳತೊಡಗಿದಳು. "ಫೋನಲ್ಲಿ ಜಾಹೀರಾತು ನೋಡಿ ತಗೊಂಡೆ. ಕಾಗದ ಮುಂದಿನ ತಿಂಗಳು ಕೊಡ್ತೀನಿ ಅಂದಿದ್ದ."

"ಅಳ್ಬೇಡ ಕಣೆ," ಎಂದಳು ಬೀಗದಕ್ಕ. "ಅವನ ನಂಬರ್ ಇದೆಯಾ? ಇದ್ರೆ ಸಾಕು."

ಅತ್ತೆಯನ್ನು ಅಂಗಡಿಯಲ್ಲಿ ಬಿಟ್ಟು ನಾವು ಮೂವರೂ ಸ್ಟೇಷನ್ನಿಗೆ ಹೋದೆವು. ಅಲ್ಲಿನ ಅಧಿಕಾರಿ ಗಾಡಿಯ ಮೈಮೇಲೆ ಕೊರೆದ ಸಂಖ್ಯೆಯನ್ನು ಕಾಗದದ ಜೊತೆ ತಾಳೆ ನೋಡಿ, ಗಾಡಿಯನ್ನು ಅಲ್ಲೇ ಇಟ್ಟುಕೊಂಡ. ಅವನ ಮಾತಿನಂತೆ ನರ್ಸು ಮಾರಾಟಗಾರನಿಗೆ ಫೋನು ಮಾಡಿದಳು. "ಗಾಡಿ ತುಂಬ ಚೆನ್ನಾಗಿದೆ ಅಣ್ಣ. ನಮ್ಮಕ್ಕಂಗೂ ಒಂದು ಬೇಕಂತೆ. ನಾಳೆ ಹನ್ನೊಂದಕ್ಕೆ ಜೆರಾಕ್ಸ್ ಅಂಗಡಿ ಹತ್ರ ತಂದ್ಬಿಡಿ, ಕಾಗದದ ಪ್ರತಿನೂ ಅಲ್ಲೇ ತೆಗೆಸೋಣ." ಪೊಲೀಸರಿಬ್ಬರು ಸಾದಾ ಬಟ್ಟೆಯಲ್ಲಿ ಹತ್ತೂಮುಕ್ಕಾಲಿಗೇ ಬಂದಿರುತ್ತಾರೆಂದು ಅಧಿಕಾರಿ ಹೇಳಿದ.

ಕಳ್ಳ ಹತ್ತೂವರೆಗೇ ಬಂದ!

ಮಾರಲು ತಂದ ಕಪ್ಪು ಬೈಕು, ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಬೆಣ್ಣೆಯಂಥ ಮಾತು. ನಾನು ಗಿರಾಕಿಯೊಬ್ಬರ ಒಂದೇ ಕಾಗದವನ್ನು ಮೂರು ಸಲ ಯಂತ್ರಕ್ಕೆ ಕೊಟ್ಟೆ. ನರ್ಸು ಮೈಲೇಜು ಕೇಳಿದಳು, ಟೈರು ಕೇಳಿದಳು, ಬೇರೆ ಬಣ್ಣ ಇದೆಯೇ ಎಂದಳು. ಅಷ್ಟರಲ್ಲಿ ಬೀಗದಕ್ಕ ಎದುರಿನಿಂದ ಸಾವಕಾಶವಾಗಿ ರಸ್ತೆ ದಾಟಿ ಬಂದು, ಬೈಕಿನ ಹಿಂದೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡವಳಂತೆ ಮಾಡಿ, ತನ್ನ ಅಂಗಡಿಯತ್ತ ಹೊರಟುಹೋದಳು. ಹಿಂದಿನ ಚಕ್ರಕ್ಕೆ ಹಳದಿ ಬೀಗ ಬಿದ್ದಿತ್ತು.

ಅವನಿಗೆ ಏನು ವಾಸನೆ ಹೊಡೆಯಿತೋ! "ಎಲ್ಲಿ ನಿಮ್ಮಕ್ಕ?" ಎಂದವನೇ ಉತ್ತರಕ್ಕೂ ಕಾಯದೆ ಬೈಕ್ ಹತ್ತಿ ಶುರುಮಾಡಿದ. ಗಾಡಿ ಒಂದು ಗೇಣು ಜಿಗಿದು ಧಡಾರನೆ ಮಗುಚಿತು. ಎದ್ದು ಕಂಗಾಲಾಗಿ ಓಡಿದ. ಹಿಂದೆ ಓಣಿಯಿದೆ ಎಂದುಕೊಂಡನೋ ಏನೋ, ಎದುರಿಗೆ ತೆರೆದಿದ್ದ ಬಾಗಿಲೊಳಗೆ ನುಗ್ಗಿದ. ಅದು ಬೀಗದ ಅಂಗಡಿ!

ಬೀಗದಕ್ಕ ಎಗರಿ ಶಟರ್ ಎಳೆದಳು, ಬೀಗ ಒತ್ತಿದಳು. "ಸಿಕ್ಕಿದ! ಸಿಕ್ಕಿದ!" ಎಂದು ನಾವೆಲ್ಲ ಕುಣಿಯುವಾಗ ಅವಳು ಮಾತ್ರ ಕಲ್ಲಾಗಿ ನಿಂತಿದ್ದಳು.

"ಅಯ್ಯೋ, ಅತ್ತೆ ಒಳಗಿದ್ದಾರೆ!"

ಕೂಡಲೇ ತೆಗೆಯಲು ಹೋದಳು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳ ಕೈಯಲ್ಲಿ ಕೀಲಿ ತೂತಿಗೆ ಸೇರಲಿಲ್ಲ. ಅಷ್ಟರಲ್ಲಿ ಒಳಗಿಂದ ಗರ್ಜನೆ ಕೇಳಿತು.

"ತೆಗೀಬೇಡ ಕಣೇ! ತೆಗೆದ್ಯೋ ನೋಡು!"

"ಅತ್ತೆ, ಅವನು ಏನಾದ್ರೂ ಮಾಡಿದ್ರೆ?"

"ಇವನೇನು ಮಾಡ್ತಾನೆ? ಸ್ಟೂಲ್ ಮೇಲೆ ಕೂರ್ಸಿದ್ದೀನಿ. ನನ್ನ ಕೈಲಿ ನಿಮ್ಮ ಮಾವನ ದೊಡ್ಡ ಅರ ಇದೆ. ಪೊಲೀಸ್ ಬರ್ಲಿ!" ಆಮೇಲೆ ಅವನ ಕಡೆ ತಿರುಗಿದರೆಂದು ಕಾಣುತ್ತದೆ. "ಏನಪ್ಪಾ, ಮಗು ಬಚ್ಚಲಲ್ಲಿ ಸಿಕ್ಕಾಕೊಂಡು ಅಳ್ತಿದ್ದ ಮನೆ ಮುಂದಿಂದ ಗಾಡಿ ಎತ್ಕೊಂಡು ಹೋಗೋಕೆ ನಿಂಗೆ ಕೈಯಾದ್ರೂ ಹೇಗೆ ಬಂತು? ಮಾತಾಡೋ! ಎಷ್ಟು ವರ್ಷದಿಂದ ಈ ಘನ ಕೆಲಸ?"

ಪೊಲೀಸರು ಬರುವವರೆಗೆ ಹನ್ನೆರಡು ನಿಮಿಷ ಆ ವಿಚಾರಣೆ ನಡೆಯಿತು. ಬೀದಿಯ ಜನವೆಲ್ಲ ಶಟರಿಗೆ ಕಿವಿಕೊಟ್ಟು ನಿಂತಿದ್ದರು. ಬೀಗದಕ್ಕ ಒಂದು ಕೈಯನ್ನು ತಗಡಿನ ಮೇಲಿಟ್ಟು, ಅತ್ತೆಯ ದನಿ ಕೇಳುತ್ತಿರುವಷ್ಟು ಹೊತ್ತೂ ಉಸಿರಾಡುತ್ತ, ದನಿ ನಿಂತ ಕೂಡಲೇ ಉಸಿರು ಬಿಗಿಹಿಡಿಯುತ್ತ ನಿಂತಿದ್ದಳು. ಕೊನೆಗೆ ಶಟರ್ ಎದ್ದಾಗ ಕಳ್ಳ ಬೆವರಿನಲ್ಲಿ ತೊಯ್ದು, ಮೊಣಕಾಲು ಜೋಡಿಸಿ ಕೂತಿದ್ದ. "ಸಾರ್, ಮೊದ್ಲು ಇವರಿಂದ ನನ್ನ ಬಿಡ್ಸಿ," ಎಂದ. ಬೀಗದಕ್ಕ ಯಾರನ್ನೂ ನೋಡದೆ ಒಳಗೆ ಓಡಿ ಅತ್ತೆಯನ್ನು ತಬ್ಬಿಕೊಂಡಳು. "ಬಿಡೇ, ಅರ ಚುಚ್ಚುತ್ತೆ," ಎಂದರು ಅತ್ತೆ. ಆದರೆ ಅವರೂ ಬಿಡಲಿಲ್ಲ.

ಅವನು ತೋರಿಸಿದ ಕೊಟ್ಟಿಗೆಯಲ್ಲಿ ಇನ್ನೂ ಒಂಬತ್ತು ಗಾಡಿ ಸಿಕ್ಕವು. ಒಂದೂವರೆ ತಿಂಗಳ ಮೇಲೆ ಸ್ಕೂಟರ್ ಬೀಗದಕ್ಕನ ಕೈಗೆ ಬಂತು. ಅದನ್ನು ತರುವ ದಿನ ನರ್ಸನ್ನೂ ಕರೆದುಕೊಂಡು ಹೋದಳು. ರೋಗಿಗಳ ಮನೆಗೆ ನಡೆದು ನಡೆದು ಅವಳ ಕಾಲು ಬಾತಿದ್ದವು.

"ಬೆಳಗ್ಗೆ ನಿಂಗೆ, ಮಧ್ಯಾಹ್ನದಿಂದ ನಂಗೆ," ಎಂದು ಬೀಗದಕ್ಕ ಅಲ್ಲೇ ತೀರ್ಮಾನ ಮಾಡಿದಳು. "ನಿಂದು ಅಂತ ಒಂದು ಗಾಡಿ ಆಗೋವರೆಗೂ."

ನರ್ಸು ಕಣ್ಣೊರೆಸಿಕೊಂಡು ಹಿಂದಿನ ಸೀಟು ಹತ್ತಿದಳು. ಇಬ್ಬರೂ ಒಂದೇ ಗಾಡಿಯಲ್ಲಿ ನಮ್ಮ ಬೀದಿಗೆ ಬಂದಾಗ ಅಂಗಡಿ ಅಂಗಡಿಯಿಂದ ಜನ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಬಣ್ಣ ಈಗಲೂ ನೀಲಿಯೇ. ಮತ್ತೆ ಕೆಂಪು ಬಳಿಸಲು ಅವಳಿಗೆ ಪುರುಸೊತ್ತಾಗಿಲ್ಲ, ಚಕ್ರದ ಬೀಗ ಕೇಳಿಕೊಂಡು ಬರುವವರ ಸಾಲು ಅಷ್ಟುದ್ದವಿದೆ.