ಒತ್ತೆಯಿಟ್ಟ ಹುಡುಗನ ಕಾಗದ

ಬೆಳಗಿನ ಆರಕ್ಕೇ ಅರಾಬಾ ಕ್ವಾನ್ಸಾ ಮರಗೆಣಸಿನ ಹಿಟ್ಟು ಕಲಸಿ ಅಂಟು ಕಾಯಿಸುತ್ತಿದ್ದಾರೆ. ಕಡಲತೀರದ ಊರು ಅನೊಮಾಬುವಿನ ಮೀನು ದೋಣಿಗಳು ಇನ್ನೂ ದಡ ಮುಟ್ಟಿಲ್ಲ. ಅಷ್ಟರಲ್ಲೇ ಇವರ ಗೊಣಗಾಟ ಶುರು. ಸೂರು ಸೋರಿ ಎರಡು ಕಟ್ಟು ಕಾಗದ ನೆನೆದಿವೆ. "ರಿಪೇರಿ ಮಾಡ್ಸಿ ಅಂತ ಏಳು ಅರ್ಜಿ ಕೊಟ್ಟೆ. ಈಗ ಆ ಅರ್ಜಿಗಳನ್ನೂ ನಾನೇ ಒಣಗಿಸ್ತಿದ್ದೀನಿ," ಎನ್ನುತ್ತಾರೆ.

ಈ ದಾಖಲೆ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವರು ಗೆದ್ದಲು ತಿಂದ ಕಾಗದಗಳಿಗೆ ತೇಪೆ ಹಾಕುತ್ತಿದ್ದಾರೆ. ಮನುಷ್ಯರನ್ನು ಹಡಗಿಗೆ ತುಂಬಿ ಅಟ್ಲಾಂಟಿಕ್ ದಾಟಿಸಿದ ಕಾಲದ ಪತ್ರಗಳು, ಸರಕಿನ ಪಟ್ಟಿಗಳು. ದಿನಕ್ಕೆ ಆರು ಹಾಳೆ, ಕೈ ನಡುಗದಿದ್ದರೆ ಏಳು. "ಗುಲಾಮರನ್ನ ಕೂಡಿಹಾಕ್ತಿದ್ದ ಆ ಕೋಟೆಗೆ ಬಂದು ಅಳೋರು ದಿನಕ್ಕೆ ಇನ್ನೂರು ಜನ. ನನ್ನ ಕಾಗದ ಓದೋರು ತಿಂಗಳಿಗೆ ಇಬ್ರು. ಅದ್ರಲ್ಲೊಬ್ರು ದಾರಿ ತಪ್ಪಿ ಬಂದಿರ್ತಾರೆ."

ಈಗಿನ ತಲೆನೋವು ಟಂಡೋ ಮನೆತನದ ಯಜಮಾನ ಕ್ವಾಮಿನಾ. ತಮ್ಮ ಮನೆತನ ಎಷ್ಟು ಹಳೆಯದೆಂದು ತೋರಿಸಲು ಹೋಗಿ, ಪೆಟ್ಟಿಗೆಯಲ್ಲಿದ್ದ ಪೂರ್ವಿಕನ ಪತ್ರದ ನಕಲನ್ನು ಓದದೆಯೇ ತಂದುಕೊಟ್ಟವರು ಅವರೇ. ಅರಾಬಾ ತೇಪೆ ಹಾಕಿ ಓದಿದರು. ಕೋಜೊ ಎಂಬ ಹುಡುಗನನ್ನು ಮೀನು ಹಿಡಿಯುವಾಗ ಕಳ್ಳರು ಹೊತ್ತೊಯ್ದರು ಎಂದು ಮನೆಯವರು ತಲೆಮಾರುಗಳಿಂದ ಹೇಳುತ್ತ ಬಂದಿದ್ದರು. ಪತ್ರದ ಮಾತೇ ಬೇರೆ. ಸೋದರಮಾವನೇ ಬಟ್ಟೆ, ಮದ್ದುಗುಂಡು ಸಾಲ ತಂದು ಅವನನ್ನು ಹಡಗಿನಲ್ಲಿ ಒತ್ತೆ ಇಟ್ಟಿದ್ದ. ಹಡಗು ಹೇಳದೆ ಕೇಳದೆ ಹೊರಟುಹೋಗಿತ್ತು. ಇದು ಅಳಿಯಸಂತಾನದ ಊರು; ಹೋದವನು ಮನೆಯ ವಾರಸುದಾರ.

ಮುಂದಿನ ವಾರ ಮನೆತನದವರು, ಕಳ್ಳರು ಹೊತ್ತೊಯ್ದರು ಎಂದೇ ಕೆತ್ತಿಸಿ, ಕೋಜೊನ ನೆನಪಿಗೆ ಕಲ್ಲು ನಿಲ್ಲಿಸಬೇಕು. ಯಜಮಾನರು ಜಿನ್ ಬಾಟಲಿ ಹಿಡಿದು ಬಂದಿದ್ದಾರೆ.

"ಮಗಳೇ, ಮನೆ ಮೂಲ ಕೆದಕಬಾರದು ಅಂತ ಹಿರಿಯರೇ ಹೇಳಿಲ್ವಾ? ಆ ಕಾಗದ ಗೆದ್ದಲು ತಿಂತು ಅಂದ್ಬಿಡು."

"ಗೆದ್ದಲ ಕಾಟ ಸಾಲದು ಅಂತ ನೀವೂ ಬಂದ್ರಾ ಅಜ್ಜಾ?" ಅರಾಬಾ ಕುಂಚ ಕುಕ್ಕುತ್ತಾರೆ. "ಈ ಕಪಾಟು ನೋಡಿ. ಕಪ್ತಾನರು ಬರೆದದ್ದೆಲ್ಲ ಬರೀ ಗಂಡು ಇಷ್ಟು, ಹೆಣ್ಣು ಇಷ್ಟು. ಹೆಸರು ಅಂತ ಇರೋದು ಇದೊಂದೇ ಹಾಳೇಲಿ. ಯಾಕೆ? ಒತ್ತೆ ಇಟ್ಟ ಮಾವನೇ ಅಳಿಯನ್ನ ವಾಪಸ್ ಕೊಡಿ ಅಂತ ಬೇಡ್ಕೊಂಡಿದ್ದಾನೆ. ಅದನ್ನೂ ಹರೀತೀರಾ?"

ಯಜಮಾನರು ಹಾಳೆಯತ್ತ ಬಾಗುತ್ತಾರೆ. "ಬೇಡ್ಕೊಂಡನಾ? ಎಲ್ಲಿ, ಆ ಸಾಲು ಓದು."

ಅರಾಬಾ ಓದುತ್ತಾರೆ. ಮುದುಕರ ಕಣ್ಣು ತುಂಬುತ್ತದೆ. ಬಾಟಲಿಯ ಮುಚ್ಚಳ ತೆಗೆದು, ಪೂರ್ವಿಕರಿಗೆಂದು ಜಿನ್ ಅನ್ನು ಅಲ್ಲೇ ನೆಲಕ್ಕೆ ಸುರಿಯಹೊರಡುತ್ತಾರೆ.

"ಅಯ್ಯೋ, ಹೊರಗೆ! ಕಾಗದದ ಹತ್ರ ಬೇಡ!" ಎಂದು ಅರಾಬಾ ಅವರನ್ನು ಅಂಗಳಕ್ಕೆ ಅಟ್ಟುತ್ತಾರೆ.

ಕಲ್ಲಿನ ಮೇಲೆ ಅವರು ಏನು ಕೆತ್ತಿಸುತ್ತಾರೋ ಇನ್ನೂ ಗೊತ್ತಿಲ್ಲ. ಅರಾಬಾ ಹಾಳೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಎರಡು ಸಲ ಎಳೆದು ನೋಡುತ್ತಾರೆ.

"ಒಂದ್ಸಲ ಹಡಗು ಕರ್ಕೊಂಡು ಹೋಯ್ತು," ಎನ್ನುತ್ತಾರೆ. "ಇಲ್ಲಿಂದ ಮಾತ್ರ ಅವನನ್ನ ಯಾರೂ ಕರ್ಕೊಂಡು ಹೋಗಂಗಿಲ್ಲ."